ಉಗ್ಗುವ ಮಾತು, ಕೆಟ್ಟ ದನಿ
(ಮನೆಯವರಿಗೂ ಉಪಾಧ್ಯಾಯರಿಗೂ ಒಂದು ಪಾಠ)

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಎಂಬ ಊರುಗಳ ಹೆಸರುಗಳನ್ನು ಈ ಸೀಮೆಯವರಾದ ನಾವು ದಿನಕ್ಕೆ ಎಷ್ಟೋ ಸಾರಿ ಉಚ್ಚರಿಸುತ್ತೇವೆ. ಉಚ್ಚರಿಸುವದರಲ್ಲಿ ಪ್ರಯಾಸವುಂಟೆಂಬ ಯೋಚನೆಯೇ ನಮಗೆ ಹುಟ್ಟುವದಿಲ್ಲ. ಆದರೆ ನಮ್ಮ ಮಧ್ಯದಲ್ಲಿಯೇ ಇರುವ ಕೆಲವರಿಗೆ ತಮ್ಮ ಊರಿನ ಹೆಸರನ್ನು ಹೇಳುವದು ಒಂದು ಹೋರಾಟವಾಗಿದೆ. ಕಂಪ್ಲಿಗೆ ಹೋಗತಕ್ಕ ಒಬ್ಬ ಯೌವನಸ್ಥನು ಹೊಸಪೇಟೆಯಲ್ಲಿ ಬಸ್ಸು ಹತ್ತಿ, 'ಕ'ಕಾರವು ಬಾಯಿಂದ ಹೊರಡದೆ, ಹಿಂದೆ ನಿಂತವರು ನಗುವರೆಂಬ ಭಯದಿಂದ ಹೊಳೆಯಾಚೆಯ ಗಂಗಾವತಿಗೆ ಟಿಕೇಟು ಕೊಂಡು ಕಂಪ್ಲಿಯಲ್ಲಿ ಇಳಿದನೆನ್ನೋಣ. ನೋಡುವವರಿಗೆ ಇದು ಹುಚ್ಚಾಗಿ ತೋರೀತು. ಉಗ್ಗುವವರ ಜೀವನವನ್ನು ಬಲ್ಲವರಿಗೆ ಇದು ಆಶ್ಚರ್ಯವಲ್ಲ. ಹೇಳಲಾರದ ಮಾತನ್ನು ಬಿಟ್ಟು ಹೇಳಬಲ್ಲ ಮಾತನ್ನು ಹಿಡಿಯುವದು ಅವರಲ್ಲಿ ಅನೇಕರ ನಿತ್ಯದ ಅಭ್ಯಾಸ. ಅದಕ್ಕೆ ಅವರು ಕೊಡುವ ಬೆಲೆ ಕೆಲವು ಸಾರಿ ಹಣ, ಕೆಲವು ಸಾರಿ ವಿದ್ಯೆ, ಕೆಲವು ಸಾರಿ ಉದ್ಯೋಗ.

ಇವರಲ್ಲದೆ ದನಿ ಕೆಟ್ಟವರು ಬೇರೆ ಇದ್ದಾರೆ. ಶಾಲೆಯಲ್ಲಿ ದಿನವೆಲ್ಲಾ ಕೂಗಿ ಸಂಜೆಗೆ ಗಂಟಲು ಕಟ್ಟಿದ ಉಪಾಧ್ಯಾಯಿನಿ, ರಾತ್ರಿಯೆಲ್ಲಾ ಬಯಲಾಟದಲ್ಲಿ ಹಾಡಿದ ಪಾತ್ರಧಾರಿ, ಬೀಡಿ ಸೇದಿ ಸೇದಿ ಗೊಗ್ಗರು ದನಿಯವನಾದ ಹಿರಿಯ, ಇವರೆಲ್ಲರೂ ನಮಗೆ ಪರಿಚಿತರೇ.

ಈ ಪಾಠದಲ್ಲಿ ನಾವು ಕಲಿಯಬೇಕಾದದ್ದು ಏನಂದರೆ: ಉಗ್ಗುವವನಿಗೆ ತಾಳ್ಮೆಯುಳ್ಳ ಕಿವಿ ಬೇಕು, ದನಿ ಕೆಟ್ಟವನನ್ನು ತಡಮಾಡದೆ ವೈದ್ಯರ ಬಳಿಗೆ ಕರೆದೊಯ್ಯಬೇಕು. ಸಾಧಾರಣವಾಗಿ ನಾವು ಇದಕ್ಕೆ ತಿರುವುಮುರುವಾಗಿ ನಡೆಯುತ್ತೇವೆ. ಉಗ್ಗುವ ಮಗುವನ್ನು ತಿದ್ದುವದಕ್ಕೆ ಅವಸರಪಡುತ್ತೇವೆ. ದನಿ ಕೆಟ್ಟ ಹಿರಿಯನನ್ನು ತಿಂಗಳುಗಟ್ಟಲೆ ಹಾಗೆಯೇ ಬಿಟ್ಟುಬಿಡುತ್ತೇವೆ.

೧. ಮಾತಿನ ಮೂರು ಅಂಗಗಳು

ತುಂಗಭದ್ರೆಯ ಕಾಲುವೆಯನ್ನು ನೋಡಿದವರಿಗೆ ಈ ಭೇದವು ಸುಲಭವಾಗಿ ತಿಳಿಯುವದು. ಕಾಲುವೆಗೆ ಮೊದಲು ನೀರು ಬೇಕು. ಆ ನೀರಿಗೆ ಸರಿಯಾದ ಪಾತ್ರ ಬೇಕು. ಅದು ತಡೆಯಿಲ್ಲದೆ ಹರಿಯಲೂ ಬೇಕು. ಹಾಗೆಯೇ ಮಾತಿನಲ್ಲಿ ದನಿಯು ನೀರಿನಂತಿದೆ; ನಾಲಿಗೆ, ತುಟಿ, ಹಲ್ಲು, ಅಂಗುಳಗಳು ಆ ದನಿಗೆ ಅಕ್ಷರದ ರೂಪವನ್ನು ಕೊಡುವ ಪಾತ್ರದಂತಿವೆ; ಒಂದರ ಹಿಂದೊಂದು ಅಕ್ಷರಗಳು ಸರಾಗವಾಗಿ ಹೊರಡುವದು ಹರಿವಿನಂತಿದೆ.

ದನಿಯ ಮೂಲದಲ್ಲಿ ಕೇಡಾದರೆ ಅದು ಧ್ವನಿದೋಷ. ಅಕ್ಷರದ ರೂಪ ಕೆಟ್ಟರೆ, ಅಂದರೆ ಮಗುವು ರೊಟ್ಟಿಗೆ 'ಲೊಟ್ಟಿ' ಎಂದರೆ, ಅದು ತೊದಲು. ಅಕ್ಷರಗಳನ್ನು ಬಲ್ಲವನಾಗಿಯೂ, ಹೇಳತಕ್ಕದ್ದೇನೆಂದು ತಿಳಿದವನಾಗಿಯೂ ಇದ್ದು, ಹರಿವು ಮಾತ್ರ ನಡುವೆ ಕಡಿದುಹೋದರೆ ಅದು ಉಗ್ಗು. ನಮ್ಮ ಭಾಷೆಯಲ್ಲಿ ತೊದಲು, ಉಗ್ಗು ಎಂಬ ಎರಡು ಮಾತುಗಳು ಪೂರ್ವದಿಂದಲೇ ಇದ್ದರೂ ಜನರು ಇವನ್ನು ಕಲಸಿ ಹೇಳುವದರಿಂದ, ಒಂದಕ್ಕೆ ಮಾಡಬೇಕಾದದ್ದನ್ನು ಮತ್ತೊಂದಕ್ಕೆ ಮಾಡುತ್ತಾರೆ. ತೊದಲುವ ಮಗುವಿಗೆ ಸರಿಯಾದ ಉಚ್ಚಾರವನ್ನು ಹೇಳಿಕೊಟ್ಟರೆ ಉಪಯೋಗವಾದೀತು. ಉಗ್ಗುವ ಮಗುವಿಗೆ 'ಸರಿಯಾಗಿ ಹೇಳು' ಎಂದರೆ ಏನೂ ಕಲಿಸಿದ ಹಾಗಾಗಲಿಲ್ಲ. ಯಾಕಂದರೆ ಸರಿಯಾದದ್ದು ಯಾವದೆಂಬದು ಅದಕ್ಕೆ ನಮ್ಮಷ್ಟೇ ತಿಳಿದದೆ.

೨. ಉಗ್ಗಿನ ಲಕ್ಷಣಗಳು

ಉಗ್ಗು ಮೂರು ವಿಧವಾಗಿ ಕಾಣುವದು. ಮೊದಲನೆಯದು ಮರುಕಳಿಸುವದು: 'ಕ-ಕ-ಕ-ಕಂಪ್ಲಿ.' ಎರಡನೆಯದು ಎಳೆಯುವದು: 'ಸ್ಸ್ಸ್ಸಂಡೂರು.' ಮೂರನೆಯದು ತಡೆ: ಹೊಸಪೇಟೆ ಎನ್ನುವದಕ್ಕೆ ಬಾಯಿ ತೆರೆದಿರುತ್ತದೆ, ಕುತ್ತಿಗೆಯ ನರಗಳು ಬಿಗಿದಿರುತ್ತವೆ, ಆದರೆ ದನಿಯೇ ಹೊರಡುವದಿಲ್ಲ. ಇವುಗಳೊಡನೆ ಕಣ್ಣು ಮಿಟುಕಿಸುವದು, ತಲೆ ಕೊಡಹುವದು, ಕಾಲು ನೆಲಕ್ಕೆ ಬಡಿಯುವದು ಮುಂತಾದ ಚೇಷ್ಟೆಗಳು ಸೇರಿಕೊಳ್ಳುತ್ತವೆ. ಇವು ಕೊಂಕಲ್ಲ, ಸಿಕ್ಕಿಕೊಂಡ ಮಾತನ್ನು ಹೊರದೂಡುವ ಪ್ರಯತ್ನಗಳು ಕ್ರಮೇಣ ಅಭ್ಯಾಸವಾದವು.

ಬೇಸಗೆಯಲ್ಲಿ ಹಂಪಿಯ ಬಳಿ ಹೊಳೆ ಇಳಿದಾಗ ಎಷ್ಟು ಬಂಡೆಗಳು ಕಾಣುತ್ತವೆಂಬದನ್ನು ವಾಚಕರು ಬಲ್ಲರು. ನೀರು ತುಂಬಿದಾಗ ಅವುಗಳಲ್ಲಿ ಕೆಲವುಗಳ ತುದಿ ಮಾತ್ರ ಕಾಣುತ್ತದೆ. ಉಗ್ಗು ಸಹ ಹಾಗೆಯೇ. ನಾವು ಕೇಳುವ ತಡವರಿಕೆ ತುದಿ ಮಾತ್ರ. ನಾಚಿಕೆ, ನಾಳೆ ಹಾಜರಿ ಕರೆಯುವಾಗ ಏನಾದೀತೋ ಎಂಬ ಭಯ, ಉತ್ತರ ತಿಳಿದಿದ್ದರೂ ತಿಳಿಯದೆಂದು ತಲೆ ಅಲ್ಲಾಡಿಸುವದು, ಫೋನು ಮೊಳಗಿದರೆ ಮನೆಯ ಹೊರಗೆ ಹೋಗುವದು, ಇವೆಲ್ಲಾ ನೀರಿನ ಕೆಳಗಿರುತ್ತವೆ. ಚತುರನಾಗಿ ಮಾತು ಬದಲಾಯಿಸುವವನು ನಮ್ಮ ಮುಂದೆ ಒಂದು ಸಾರಿಯೂ ಉಗ್ಗದೆ ಇರಬಹುದು. ಅವನ ಭಾರವು ಹಗುರವೆಂದು ಅದರಿಂದ ತಿಳಿಯಕೂಡದು.

ಉಗ್ಗು ಹೆಚ್ಚಾಗಿ ೨ರಿಂದ ೫ ವರುಷಗಳ ಪ್ರಾಯದೊಳಗೆ, ಮಗುವು ಮಾತುಗಳನ್ನು ಜೋಡಿಸಿ ವಾಕ್ಯ ಮಾಡುವ ಕಾಲದಲ್ಲಿ, ಆರಂಭವಾಗುವದು. ನೂರು ಮಕ್ಕಳಲ್ಲಿ ಹೆಚ್ಚುಕಡಿಮೆ ೫ ಮಂದಿ ಯಾವದಾದರೊಂದು ಕಾಲದಲ್ಲಿ ಉಗ್ಗುತ್ತಾರೆ. ಇವರಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲಾದರೂ ಬೆಳೆಯುತ್ತಾ ಬಿಡುಗಡೆ ಹೊಂದುತ್ತಾರೆ. ದೊಡ್ಡವರಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಅದು ಉಳಿಯುವದು. ಅವರಲ್ಲಿ ಹೆಂಗಸರಿಗಿಂತ ಗಂಡಸರು ಸುಮಾರು ನಾಲ್ಕರಷ್ಟು. ಕನ್ನಡಿಗರಲ್ಲಾಗಲಿ ಇಂಗ್ಲಿಷರಲ್ಲಾಗಲಿ ಚೀನರಲ್ಲಾಗಲಿ ಉಗ್ಗುವವರಿಲ್ಲದ ಜನಾಂಗವಿಲ್ಲ.

೩. ಉಗ್ಗಿನ ಕಾರಣಗಳು

ಈ ವಿಷಯದಲ್ಲಿ ಜನರು ಹೇಳುವ ಕಾರಣಗಳು ಬಹಳ. ಮಗುವು ಬೆದರಿತು, ಉಗ್ಗುವವನನ್ನು ಅಣಕಿಸಿದ್ದರಿಂದ ಅಂಟಿಕೊಂಡಿತು, ನಾಲಿಗೆ ದಪ್ಪವಾಗಿದೆ, ಯಾರದೋ ಶಾಪ ತಟ್ಟಿತು ಎನ್ನುತ್ತಾರೆ. ಇವುಗಳಲ್ಲಿ ಒಂದೂ ನಿಜವಲ್ಲ. ಶಾಪವೆನ್ನುವವರು ಮೋಶೆಯನ್ನು ನೆನಸಲಿ. ತನ್ನ ಮಾತು ಮಂದವೆಂದು ಹಿಂಜರಿದವನೇ ಒಂದು ಜನಾಂಗವನ್ನು ನಡಿಸುವವನಾದನು.

ನಾಲಿಗೆಯ ಮೇಲೆ ದೋಷ ಹೊರಿಸಿದವರು ನಮ್ಮ ಹಳ್ಳಿಯವರು ಮಾತ್ರವಲ್ಲ. ೧೮೪೧ರಲ್ಲಿ ಬರ್ಲಿನ್ ಪಟ್ಟಣದ ಪ್ರಖ್ಯಾತ ಶಸ್ತ್ರವೈದ್ಯನಾದ ಡೀಫೆನ್‌ಬಾಖ್ ಎಂಬವನು ಉಗ್ಗುವವರ ನಾಲಿಗೆಯ ಬುಡವನ್ನು ಕೊಯ್ದು ನೋಡಿದನು. ರೋಗಿಗಳು ರಕ್ತಸುರಿದು ಕಷ್ಟಪಟ್ಟರೇ ಹೊರತು ಉಗ್ಗು ಹೋಗಲಿಲ್ಲ. ಆ ಪದ್ಧತಿಯೂ ಬೇಗನೆ ನಿಂತುಹೋಯಿತು. ಆದಕಾರಣ ಕೂಸಿನ ನಾಲಿಗೆಯ ಕೆಳಗಿನ ಎಳೆಯನ್ನು ಉಗ್ಗಿನ ನಿಮಿತ್ತ ಕತ್ತರಿಸುವದೂ, ಬರೆ ಹಾಕುವದೂ, ಮಾತು ಚೆನ್ನಾಗಿ ಬರಲೆಂದು ಬಜೆ ತೇಯ್ದು ನಾಲಿಗೆಗೆ ಹಚ್ಚುವದೂ ನಿಷ್ಪ್ರಯೋಜನ. ಬರೆಯು ಕೂಸಿಗೆ ಹಿಂಸೆ. ಹಸುಗೂಸಿಗೆ ಬಜೆ ವಿಷವಾಗುವದೂ ಉಂಟು.

ಇನ್ನೊಂದು ತಪ್ಪು ಅಭಿಪ್ರಾಯವು ನಮ್ಮ ಸೀಮೆಗೆ ವಿಶೇಷವಾಗಿ ಸಂಬಂಧಪಟ್ಟದೆ. ಸಂಡೂರಿನ ತಾಂಡಾಗಳ ಮಕ್ಕಳು ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ ಆಡುತ್ತಾರೆ. ಬಳ್ಳಾರಿಯ ಕಡೆಗೆ ತೆಲುಗು, ಹೊಸಪೇಟೆಯ ಪೇಟೆಯಲ್ಲಿ ಉರ್ದು ಸಹ ಕಿವಿಗೆ ಬೀಳುವದು. ಎರಡು ಭಾಷೆ ಕಲಿತದ್ದರಿಂದಲೇ ಮಗು ಉಗ್ಗಿತೆಂದು ಹೇಳಿ ತಾಯಿಭಾಷೆಯನ್ನು ಬಿಡಿಸುವವರಿದ್ದಾರೆ. ಎರಡು ಭಾಷೆಗಳು ಉಗ್ಗನ್ನು ಹುಟ್ಟಿಸುವವೆಂಬದಕ್ಕೆ ಆಧಾರವಿಲ್ಲ. ತಾಯಿಯ ಭಾಷೆಯನ್ನು ಬಿಡಿಸಿದರೆ ಮಗುವಿಗೆ ನಿರ್ಭಯವಾಗಿ ಮಾತಾಡುವ ಸ್ಥಳವೊಂದು ಕಡಿಮೆಯಾಗುವದಷ್ಟೇ.

ಹಾಗಾದರೆ ನಿಜವಾದ ಕಾರಣವೇನು? ಮಾತಾಡುವಾಗ ಉಸಿರು, ಗಂಟಲು, ನಾಲಿಗೆ, ತುಟಿಗಳ ಹತ್ತಾರು ಸ್ನಾಯುಗಳು ಕ್ಷಣಕ್ಷಣಕ್ಕೂ ಒಂದಕ್ಕೊಂದು ಹೊಂದಿ ನಡೆಯಬೇಕು; ಇದನ್ನು ನಡಿಸುವದು ಮಿದುಳು. ಉಗ್ಗುವವರಲ್ಲಿ ಮಿದುಳಿನ ಈ ಕಾಲನಿಯಮವು ಸ್ವಲ್ಪ ಬೇರೆಯಾಗಿ ನಡೆಯುತ್ತದೆಂದು ಪಂಡಿತರು ಮಿದುಳಿನ ಚಿತ್ರಗಳನ್ನು ತೆಗೆದು ಕಂಡಿದ್ದಾರೆ. ಇದು ಅನೇಕ ಸಾರಿ ವಂಶದಲ್ಲಿ ಬರುವದು. ೨೦೧೦ರಲ್ಲಿ ಅಮೇರಿಕದ ಸಂಶೋಧಕರು ಪಾಕಿಸ್ತಾನದ ಉಗ್ಗುವ ಕುಟುಂಬಗಳಿಂದ ಆರಂಭಿಸಿ, ಉಗ್ಗಿಗೆ ಸಂಬಂಧಪಟ್ಟ ಮೂರು ವಂಶಕಣಗಳನ್ನು, ಅಂದರೆ ಜೀನುಗಳನ್ನು, ಗುರುತಿಸಿ ಪ್ರಕಟಿಸಿದರು. ಬುದ್ಧಿಯ ಕೊರತೆಗೂ ಉಗ್ಗಿಗೂ ಸಂಬಂಧವಿಲ್ಲ. ತಾಯಿತಂದೆಗಳ ಸಾಕಣೆಯ ತಪ್ಪೂ ಕಾರಣವಲ್ಲ. ಭಯ, ಆಯಾಸ, ಅವಸರಗಳು ಉಗ್ಗನ್ನು ಹೆಚ್ಚಿಸಬಲ್ಲವು. ಅವೇ ಅದನ್ನು ಹುಟ್ಟಿಸುವವೆಂದು ಹೇಳಲಾಗದು.

ಒಂದು ಆಶ್ಚರ್ಯವನ್ನು ಇಲ್ಲಿ ಹೇಳಬೇಕು. ಉಗ್ಗುವವನು ಹಾಡುವಾಗ ಸಾಧಾರಣವಾಗಿ ಉಗ್ಗುವದಿಲ್ಲ. ಬೇರೆಯವರೊಂದಿಗೆ ಒಂದೇ ಸ್ವರದಲ್ಲಿ ಓದುವಾಗಲೂ ಉಗ್ಗುವದಿಲ್ಲ. ಇದನ್ನು ಕಂಡು, 'ಹಾಡುವದಕ್ಕೆ ಬರುತ್ತದೆ, ಮಾತಾಡುವದಕ್ಕೆ ಬರುವದಿಲ್ಲವೇ? ಬೇಕೆಂದೇ ಮಾಡುತ್ತಾನೆ' ಎಂದು ಹಲವರು ದೂಷಿಸುತ್ತಾರೆ. ಸಂಗತಿ ಹಾಗಲ್ಲ. ಹಾಡಿನ ತಾಳವೂ ಕೂಡ ಓದುವವರ ದನಿಯೂ ಹೊರಗಿನಿಂದ ಕಾಲನಿಯಮವನ್ನು ಒದಗಿಸುವದರಿಂದ ಮಿದುಳಿನ ಕೆಲಸವು ಹಗುರವಾಗುವದೆಂದು ತಿಳಿದವರು ಹೇಳುತ್ತಾರೆ.

೪. ಕೇಳುವವರ ಕರ್ತವ್ಯ

ತಿದ್ದುವವರ ನಾಲಿಗೆ ಎಷ್ಟು ಕೇಡು ಮಾಡಬಲ್ಲದೆಂಬದಕ್ಕೆ ದುಃಖಕರವಾದ ಸಾಕ್ಷಿಯೊಂದುಂಟು. ೧೯೩೯ರಲ್ಲಿ ಅಮೇರಿಕದ ಐಯೋವಾ ಪ್ರಾಂತದ ಒಂದು ಅನಾಥಾಲಯದಲ್ಲಿ ೨೨ ಮಕ್ಕಳ ಮೇಲೆ ಒಂದು ಪ್ರಯೋಗ ನಡೆಯಿತು. ಚೆನ್ನಾಗಿ ಮಾತಾಡುತ್ತಿದ್ದ ಕೆಲವು ಮಕ್ಕಳಿಗೆ, 'ನೀನು ಉಗ್ಗುತ್ತೀ, ತಪ್ಪಿಲ್ಲದೆ ಹೇಳಲಾರದಿದ್ದರೆ ಮಾತಾಡಬೇಡ' ಎಂಬ ಅರ್ಥದ ಮಾತುಗಳನ್ನು ತಿಂಗಳುಗಟ್ಟಲೆ ಹೇಳಲಾಯಿತು. ಅವರು ನಿಜವಾಗಿ ಉಗ್ಗುವವರಾದರೆಂದು ಹೇಳಲಾಗದಿದ್ದರೂ, ನಾಚಿಕೊಂಡು, ಮಾತು ಕಡಿಮೆಮಾಡಿ, ಕರೆದರೆ ಉತ್ತರ ಕೊಡದವರಾದರು. ೨೦೦೧ರಲ್ಲಿ ಆ ವಿಶ್ವವಿದ್ಯಾಲಯವು ಇದಕ್ಕಾಗಿ ಬಹಿರಂಗವಾಗಿ ಕ್ಷಮೆ ಬೇಡಿತು. ವಿದ್ಯಾರ್ಥಿನಿಲಯಗಳನ್ನು ನಡಿಸುವವರೂ ಉಪಾಧ್ಯಾಯರೂ ಇದನ್ನು ಮರೆಯಬಾರದು.

ಆದಕಾರಣ ಮನೆಯಲ್ಲಿಯೂ ಶಾಲೆಯಲ್ಲಿಯೂ ಸಭೆಯಲ್ಲಿಯೂ ಈ ಕ್ರಮವನ್ನು ಅನುಸರಿಸತಕ್ಕದ್ದು:

ಮೊದಲನೆಯದಾಗಿ, ಮಾತು ಮುಗಿಯುವ ತನಕ ಕಾಯಿರಿ. ಉಗ್ಗುವವನ ಬಾಯಿಂದ ಮಾತನ್ನು ಕಿತ್ತುಕೊಂಡು ನೀವೇ ಮುಗಿಸಬೇಡಿರಿ.

ಎರಡನೆಯದಾಗಿ, ಮುಖವನ್ನು ನೋಡುತ್ತಾ, ಅವನು ಹೇಗೆ ಹೇಳುತ್ತಾನೆಂಬದಕ್ಕಲ್ಲ, ಏನು ಹೇಳುತ್ತಾನೆಂಬದಕ್ಕೆ ಕಿವಿಗೊಡಿರಿ.

ಮೂರನೆಯದಾಗಿ, 'ನಿಧಾನವಾಗಿ ಹೇಳು, ಉಸಿರು ತಕ್ಕೋ' ಎಂದು ಆಜ್ಞಾಪಿಸಬೇಡಿರಿ. ನೀವೇ ನಿಧಾನವಾಗಿ ಮಾತಾಡಿರಿ; ಮಗುವು ಆ ನಡೆಯನ್ನು ತಾನೇ ಹಿಡಿಯುವದು.

ನಾಲ್ಕನೆಯದಾಗಿ, ಮನೆಯಲ್ಲಿ ಒಬ್ಬರ ಮಾತಿನ ಮೇಲೆ ಒಬ್ಬರು ಬೀಳದೆ ಸರದಿಯಿಂದ ಮಾತಾಡುವ ಪದ್ಧತಿ ಇರಲಿ. ದಿನಕ್ಕೆ ಕೆಲವು ನಿಮಿಷವಾದರೂ ತಾಯಿಯಾಗಲಿ ತಂದೆಯಾಗಲಿ ಆ ಮಗುವಿನೊಂದಿಗೆ ಮಾತ್ರ, ಅವಸರವಿಲ್ಲದೆ, ಕೂತಿರಲಿ.

ಐದನೆಯದಾಗಿ, ಬಂಧುಗಳು ಬಂದಾಗ ಮಗುವನ್ನು ಮುಂದೆ ನಿಲ್ಲಿಸಿ ಪದ್ಯ ಹೇಳಿಸಬೇಡಿರಿ. 'ಉಗ್ಗ' ಎಂಬ ಅಡ್ಡಹೆಸರು ಮನೆಯೊಳಗೆ ಹುಟ್ಟಿದರೆ ಊರೆಲ್ಲಾ ಅದನ್ನು ಹಿಡಿಯುವದು, ಮೊದಲೇ ಅಡಗಿಸಿರಿ.

ಉಪಾಧ್ಯಾಯರು ಹಾಜರಿಯಲ್ಲಿ ಕೈ ಎತ್ತುವದನ್ನು ಒಪ್ಪಿಕೊಳ್ಳಬಹುದು. ಸರದಿಯ ಓದಿನಲ್ಲಿ ಇಬ್ಬಿಬ್ಬರನ್ನು ಕೂಡಿಸಿ ಓದಿಸಬಹುದು. ಮಾತಾಡುವ ಅವಕಾಶವನ್ನು ಮಾತ್ರ ತೆಗೆದುಹಾಕಬಾರದು. ಯಾಕಂದರೆ ಕನಿಕರದಿಂದ ಮೌನವಾಗಿಟ್ಟ ಮಗುವೂ ಮೌನವಾಗಿಯೇ ಬೆಳೆಯುವದು. ಏನು ಬೇಕೆಂದು ಮಗುವನ್ನೇ ಏಕಾಂತದಲ್ಲಿ ಕೇಳುವದು ಉತ್ತಮ.

೫. ಚಿಕಿತ್ಸೆಯ ವಿಷಯ

ಹೆಚ್ಚಿನ ಮಕ್ಕಳು ತಾವೇ ಗುಣವಾಗುವದರಿಂದ ಯಾವಾಗಲೂ ಕಾಯುತ್ತಲೇ ಇರಬಹುದೆಂದು ತಿಳಿಯಬೇಡಿರಿ. ಉಗ್ಗು ಆರು ತಿಂಗಳು ಕಳೆದರೂ ನಿಲ್ಲದಿದ್ದರೆ, ಮನೆತನದಲ್ಲಿ ಉಗ್ಗುವ ದೊಡ್ಡವರಿದ್ದರೆ, ಮೂರುವರೆ ವರುಷ ದಾಟಿದ ಮೇಲೆ ಆರಂಭವಾಗಿದ್ದರೆ, ಅಥವಾ ಮಗುವು ಮಾತಾಡುವಾಗ ಬಿಗಿದು ಹೆಣಗುತ್ತಿದ್ದರೆ, ಶಾಲೆಗೆ ಸೇರುವ ಮುಂಚೆಯೇ ವಾಕ್ ತಜ್ಞರಿಗೆ ತೋರಿಸಬೇಕು. ಸಣ್ಣ ಮಕ್ಕಳ ಚಿಕಿತ್ಸೆಯಲ್ಲಿ ತಾಯಿತಂದೆಗಳೇ ಮುಖ್ಯ ಕೆಲಸಗಾರರು. ಆಸ್ಟ್ರೇಲಿಯದಲ್ಲಿ ಹುಟ್ಟಿದ ಲಿಡ್‌ಕಂಬ್ ಎಂಬ ಪದ್ಧತಿಯಲ್ಲಿ, ತಜ್ಞರು ಕಲಿಸಿಕೊಟ್ಟ ಹಾಗೆ ತಾಯಿತಂದೆಗಳು ಮನೆಯಲ್ಲಿ ಮಗುವಿನ ಸರಾಗವಾದ ಮಾತನ್ನು ಕಂಡು ಮೆಚ್ಚುವದೇ ಮುಖ್ಯ ಉಪಾಯ.

ದೊಡ್ಡವರಿಗೆ ಸ್ವರಗಳನ್ನು ಸ್ವಲ್ಪ ಎಳೆದು, ಮೊದಲಕ್ಷರವನ್ನು ಮೃದುವಾಗಿ ಆರಂಭಿಸಿ ಮಾತಾಡುವದನ್ನು ಕಲಿಸುತ್ತಾರೆ. ಇದರೊಂದಿಗೆ ಭಯವನ್ನು ಕಡಿಮೆಮಾಡುವದೂ, ಉಗ್ಗು ಬಂದರೂ ಮಾತು ಬಿಡದಿರುವದೂ ಚಿಕಿತ್ಸೆಯ ಭಾಗವೇ. ಉಗ್ಗನ್ನು ಹೋಗಲಾಡಿಸುವ ಗುಳಿಗೆ ಯಾವದೂ ಇಲ್ಲ. 'ಏಳು ದಿನಗಳಲ್ಲಿ ಗುಣ' ಎಂಬ ಜಾಹೀರಾತುಗಳಿಗೆ ಹಣ ಸುರಿಯಬಾರದು. ಆರನೆಯ ಜಾರ್ಜ್ ದೊರೆಯು ೧೯೨೬ರಿಂದ ಲಯನೆಲ್ ಲೋಗ್ ಎಂಬವನ ಬಳಿ ಅಭ್ಯಾಸಮಾಡಿದರೂ, ೧೯೩೯ನೇ ಸೆಪ್ಟೆಂಬರ್ ೩ರಂದು ಯುದ್ಧದ ಸುದ್ದಿಯನ್ನು ರೇಡಿಯೋದಲ್ಲಿ ಹೇಳುವಾಗಲೂ ಅವನಿಗೆ ಉಗ್ಗು ಪೂರಾ ಬಿಟ್ಟಿರಲಿಲ್ಲ. ಬಿಡದಿದ್ದರೂ ಅವನು ಮಾತಾಡಿದನು.

ಒಂದು ಎಚ್ಚರಿಕೆ: ಎಂದೂ ಉಗ್ಗದ ದೊಡ್ಡವರಿಗೆ ಒಮ್ಮಿಂದೊಮ್ಮೆ ಮಾತು ತಡೆದರೆ, ತೊದಲಿದರೆ, ಬಾಯಿ ಸೊಟ್ಟಾದರೆ ಅದು ಮಿದುಳಿಗೆ ರಕ್ತ ನಿಂತ ಗುರುತಾಗಿರಬಹುದು. ಆಗ ಒಂದು ಗಳಿಗೆಯನ್ನೂ ಕಳೆಯದೆ ಆಸ್ಪತ್ರೆಗೆ ಒಯ್ಯಬೇಕು.

೬. ದನಿಯ ರೋಗಗಳು

ಗಂಟಲಿನ ಮುಂಭಾಗದಲ್ಲಿ ಧ್ವನಿಪೆಟ್ಟಿಗೆ ಎಂಬ ಅಂಗವುಂಟು. ಅದರೊಳಗೆ ಎರಡು ಮೃದುವಾದ ಮಡಿಕೆಗಳಿವೆ; ಇವನ್ನು ಧ್ವನಿತಂತುಗಳೆನ್ನುತ್ತಾರೆ. ಶ್ವಾಸಕೋಶದ ಗಾಳಿ ಇವುಗಳ ನಡುವೆ ನುಗ್ಗುವಾಗ ಇವು ಗಂಡಸರಲ್ಲಿ ಸೆಕೆಂಡಿಗೆ ಸುಮಾರು ೧೨೦ ಸಾರಿ, ಹೆಂಗಸರಲ್ಲಿ ಸುಮಾರು ೨೦೦ ಸಾರಿ, ಸಣ್ಣ ಮಕ್ಕಳಲ್ಲಿ ಸುಮಾರು ೩೦೦ ಸಾರಿ ಕಂಪಿಸಿ ದನಿಯನ್ನು ಹುಟ್ಟಿಸುತ್ತವೆ. ೧೮೫೪ರಲ್ಲಿ ಮಾನುಯೆಲ್ ಗಾರ್ಸಿಯಾ ಎಂಬ ಸಂಗೀತದ ಉಪಾಧ್ಯಾಯನು ದಂತವೈದ್ಯರ ಸಣ್ಣ ಕನ್ನಡಿಯನ್ನು ತನ್ನ ಗಂಟಲಲ್ಲಿಟ್ಟು, ಬಿಸಿಲನ್ನು ಅದರ ಮೇಲೆ ತಿರುಗಿಸಿ, ತನ್ನ ಧ್ವನಿತಂತುಗಳು ಆಡುವದನ್ನು ತಾನೇ ಕಂಡನು. ಈಗ ವೈದ್ಯರು ತೆಳುವಾದ ನಳಿಗೆಯಿಂದ ಕೆಲವೇ ನಿಮಿಷಗಳಲ್ಲಿ ಇದನ್ನು ನೋಡಬಲ್ಲರು.

ದಿನಕ್ಕೆ ಲಕ್ಷಾಂತರ ಸಾರಿ ಒಂದಕ್ಕೊಂದು ತಾಕುವ ಈ ಮಡಿಕೆಗಳನ್ನು ಕೂಗಾಟದಿಂದ ಬಡಿಸಿದರೆ ಅಂಗೈಯಲ್ಲಿ ಜಡ್ಡು ಕಟ್ಟುವ ಹಾಗೆ ಅವುಗಳ ಮೇಲೆ ಸಣ್ಣ ಗಂಟುಗಳಾಗುತ್ತವೆ. ನಮ್ಮ ಸೀಮೆಯಲ್ಲಿ ಇದಕ್ಕೆ ಗುರಿಯಾಗತಕ್ಕವರು ಅನೇಕರು: ಉಪಾಧ್ಯಾಯರು, ಹಂಪಿಯ ಬಯಲಲ್ಲಿ ಯಾತ್ರಿಕರ ಗುಂಪಿಗೆ ಕೂಗಿ ಹೇಳುವ ಮಾರ್ಗದರ್ಶಕರು, ಹೊಸಪೇಟೆಯ ಸಂತೆಯ ಮಾರಾಟಗಾರರು, ಸಂಡೂರಿನ ಗಣಿಗಳಲ್ಲಿಯೂ ತೋರಣಗಲ್ಲಿನ ಕಾರ್ಖಾನೆಗಳಲ್ಲಿಯೂ ಯಂತ್ರದ ಸದ್ದಿಗೆ ಮೀರಿ ಮಾತಾಡುವ ಕೆಲಸಗಾರರು, ಕಂಪ್ಲಿಯ ಗದ್ದೆಗಳಲ್ಲಿ ಹಕ್ಕಿ ಓಡಿಸಲು ಕಿರಿಚುವ ಮಕ್ಕಳು. ಕೂಗಾಟದ ಮೇಲೆ ದೂಳೂ ಹೊಗೆಯೂ ಸೇರಿದರೆ ಕೇಡು ಹೆಚ್ಚುವದು.

ಇಂಥ ಗಂಟುಗಳಿಗೆ ಕತ್ತಿ ಮೊದಲನೆಯ ಮದ್ದಲ್ಲ. ದನಿಯನ್ನು ಸರಿಯಾಗಿ ಉಪಯೋಗಿಸುವ ಅಭ್ಯಾಸದಿಂದಲೇ ಅವು ಬಹುಮಟ್ಟಿಗೆ ಕರಗುತ್ತವೆ. ನೀರನ್ನು ಆಗಾಗ್ಗೆ ಕುಡಿಯಬೇಕು. ತರಗತಿಯನ್ನು ಸುಮ್ಮನಿರಿಸಲು ಕೂಗುವ ಬದಲು ಗಂಟೆ ಬಾರಿಸಬೇಕು ಇಲ್ಲವೆ ಚಪ್ಪಾಳೆ ತಟ್ಟಬೇಕು. ದೊಡ್ಡ ಗುಂಪಿಗೆ ಮೈಕು ಹಿಡಿಯಬೇಕು. ಪದೇ ಪದೇ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವದನ್ನು ಬಿಡಬೇಕು. ದನಿ ಕಟ್ಟಿದಾಗ ಪಿಸುಗುಟ್ಟುವದು ವಿಶ್ರಾಂತಿಯಲ್ಲ. ಬಲವಂತವಾದ ಪಿಸುಮಾತೂ ಗಂಟಲಿಗೆ ಶ್ರಮವೇ. ಸುಮ್ಮನಿರುವದೇ ವಿಶ್ರಾಂತಿ.

ಹುಡುಗರ ವಿಷಯದಲ್ಲಿಯೂ ಒಂದು ಮಾತು. ಪ್ರಾಯಕ್ಕೆ ಬಂದ ಮೇಲೆಯೂ ಕೆಲವರ ದನಿ ಒಡೆಯದೆ ಎಳೆಯದಾಗಿಯೇ ಉಳಿಯುವದು. ಊರವರು 'ಹೆಣ್ಣುದನಿ' ಎಂದು ನಗುತ್ತಾರೆ. ಹುಡುಗನು ಜನರಿಂದ ಓಡುತ್ತಾನೆ. ಅಂಥವರಲ್ಲಿ ಹೆಚ್ಚಿನವರ ಧ್ವನಿಪೆಟ್ಟಿಗೆ ಸರಿಯಾಗಿಯೇ ಬೆಳೆದಿರುತ್ತದೆ. ತಜ್ಞರ ಬಳಿ ಸ್ವಲ್ಪಕಾಲದ ಅಭ್ಯಾಸದಿಂದ ದನಿ ಇಳಿಯುವದು. ಇಷ್ಟು ಸುಲಭವಾಗಿ ಹೋಗತಕ್ಕ ದುಃಖವನ್ನು ವರುಷಗಟ್ಟಲೆ ಹೊರಿಸುವದು ಸರಿಯೇ?

ಈಗ ಮುಖ್ಯವಾದ ಮಾತು. ನೆಗಡಿಯಿಂದಾದ ಗೊಗ್ಗರು ದನಿ ಒಂದೆರಡು ವಾರಗಳಲ್ಲಿ ಹೋಗುವದು. ಮೂರು ವಾರ ಕಳೆದರೂ ಹೋಗದಿದ್ದರೆ ಕಿವಿ-ಮೂಗು-ಗಂಟಲಿನ ವೈದ್ಯರು ಒಳಗೆ ನೋಡಲೇಬೇಕು. ಬೀಡಿ, ಸಿಗರೇಟು, ಹೊಗೆಸೊಪ್ಪು, ಸಾರಾಯಿಗಳ ಅಭ್ಯಾಸವಿರುವವರು ಒಂದು ದಿನವನ್ನೂ ಹೆಚ್ಚಾಗಿ ಕಾಯಬಾರದು. ಯಾಕಂದರೆ ಧ್ವನಿತಂತುಗಳ ಕ್ಯಾನ್ಸರಿಗೆ ಗೊಗ್ಗರು ದನಿಯೇ ಸಾಧಾರಣವಾಗಿ ಮೊದಲನೆಯ ಗುರುತು. ಆರಂಭದಲ್ಲಿಯೇ ಕಂಡರೆ ಕಿರಣಚಿಕಿತ್ಸೆಯಿಂದಲೋ ಸಣ್ಣ ಶಸ್ತ್ರಕ್ರಿಯೆಯಿಂದಲೋ ಹೆಚ್ಚಿನವರು ಗುಣವಾಗುತ್ತಾರೆ, ದನಿಯೂ ಉಳಿಯುವದು. ತಡವಾದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಗಬಹುದು. ಹಾಗೆ ತೆಗೆದವರಿಗೂ ಅನ್ನನಾಳದಿಂದ ದನಿ ಹೊರಡಿಸುವ ಅಭ್ಯಾಸ, ಕುತ್ತಿಗೆಗೆ ಹಿಡಿಯುವ ವಿದ್ಯುತ್ ಯಂತ್ರ ಮುಂತಾದವುಗಳಿಂದ ಮಾತು ತಿರಿಗಿ ದೊರೆಯುವದು. ಉಗುಳಿನಲ್ಲಿ ರಕ್ತ, ನುಂಗುವದಕ್ಕೆ ಕಷ್ಟ, ಕುತ್ತಿಗೆಯಲ್ಲಿ ಗಡ್ಡೆ, ಉಸಿರಾಡುವಾಗ ಸದ್ದು, ಇವುಗಳಲ್ಲಿ ಯಾವದಿದ್ದರೂ ಅದೇ ದಿನ ಹೊರಡಿರಿ. ಕ್ಷಯರೋಗವೂ ದನಿಯನ್ನು ಕೆಡಿಸಬಹುದು. ಅದಕ್ಕೆ ಸರ್ಕಾರವು ಉಚಿತವಾಗಿ ಔಷಧ ಕೊಡುತ್ತದೆ.

೭. ಸಹಾಯವು ಎಲ್ಲಿ ದೊರೆಯುವದು?

೨೦೨೧ರಿಂದ ಹೊಸಪೇಟೆ, ಹಂಪಿಗಳು ವಿಜಯನಗರ ಜಿಲ್ಲೆಯಲ್ಲಿಯೂ ಸಂಡೂರು, ಕಂಪ್ಲಿಗಳು ಬಳ್ಳಾರಿ ಜಿಲ್ಲೆಯಲ್ಲಿಯೂ ಇವೆ. ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ, ಅಲ್ಲಿಂದ ಬರಹ ತಕ್ಕೊಂಡು ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯ ಕಿವಿ-ಮೂಗು-ಗಂಟಲಿನ ವಿಭಾಗಕ್ಕೆ ಹೋಗಬಹುದು. ಶಾಲೆಗೂ ಅಂಗನವಾಡಿಗೂ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರಿಗೆ ಮಕ್ಕಳ ಮಾತಿನ ತೊಂದರೆಯನ್ನು ಬಾಯಿಬಿಟ್ಟು ಹೇಳಿರಿ.

ಈ ವಿದ್ಯೆಗೆ ನಮ್ಮ ನಾಡಿನಲ್ಲಿಯೇ ದೇಶದ ಹೆಸರಾದ ಮನೆಯೊಂದುಂಟು. ಅದು ೧೯೬೫ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾಗಿ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ. 'ಆಯಿಷ್' ಎಂಬದು ಅದರ ಚಿಕ್ಕ ಹೆಸರು. ಕೇಂದ್ರ ಸರ್ಕಾರದ ಆರೋಗ್ಯ ಇಲಾಖೆಗೆ ಸೇರಿದ ಈ ಸಂಸ್ಥೆಯಲ್ಲಿ ಉಗ್ಗು, ದನಿ, ಕಿವುಡು, ತಡವಾದ ಮಾತು ಎಲ್ಲವನ್ನೂ ಪರೀಕ್ಷಿಸುತ್ತಾರೆ. ಕನ್ನಡದಲ್ಲಿಯೇ ಚಿಕಿತ್ಸೆ ನಡೆಯುವದು. ದೂರದವರಿಗೆ ಫೋನಿನ ಪರದೆಯ ಮೂಲಕ ಚಿಕಿತ್ಸೆ ಮುಂದರಿಸುವ ಏರ್ಪಾಡೂ ಇದೆ. ಬೇರೆಲ್ಲಿಗಾದರೂ ಹೋಗುವವರು ವಾಕ್ ತಜ್ಞರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಉಂಟೋ ಎಂದು ಕೇಳಿ ತಿಳುಕೊಳ್ಳಲಿ.

ಪ್ರಿಯ ವಾಚಕರೇ, ಮೈಸೂರು ದೂರವೇ. ಬಳ್ಳಾರಿಗೆ ಹೋಗುವದಕ್ಕೂ ಒಂದು ದಿನದ ಕೂಲಿ ಹೋಗುವದು. ಆದರೆ ಈ ಪಾಠದ ಅರ್ಧ ಭಾಗಕ್ಕೆ ಪ್ರಯಾಣವೂ ಬೇಡ, ಹಣವೂ ಬೇಡ. ಮುಂದಿನ ಸಾರಿ ಒಬ್ಬ ಹುಡುಗನು ನಿಮ್ಮ ಮುಂದೆ ನಿಂತು 'ಕ-ಕ-ಕ' ಎಂದು ಹೆಣಗುವಾಗ, ಕೈಯಲ್ಲಿರುವ ಕೆಲಸವನ್ನು ಇಟ್ಟು, ಅವನ ಮಾತು ಮುಗಿಯುವ ಮಟ್ಟಿಗೂ ನಿಲ್ಲಿರಿ. ಉಳಿದರ್ಧಕ್ಕೆ ನಿಮ್ಮ ಮನೆಯ ಹಿರಿಯನ ದನಿ ಕೆಟ್ಟು ಎಷ್ಟು ವಾರವಾಯಿತೆಂದು ಇಂದೇ ಲೆಕ್ಕಮಾಡಿರಿ.

ಪಾಠದ ಮೇಲೆ ಪ್ರಶ್ನೆಗಳು

೧. ತೊದಲು, ಉಗ್ಗು, ಧ್ವನಿದೋಷ ಇವುಗಳಿಗಿರುವ ಭೇದವೇನು?
೨. ಉಗ್ಗುವವನು ಹಾಡುವಾಗ ಯಾಕೆ ಉಗ್ಗುವದಿಲ್ಲ? ಇದರಿಂದ ಜನರು ಯಾವ ತಪ್ಪು ತೀರ್ಪು ಮಾಡುತ್ತಾರೆ?
೩. ನಿಮ್ಮ ಊರಿನ ಶಾಲೆಯಲ್ಲಿ ಉಗ್ಗುವ ಮಗುವಿದ್ದರೆ ಹಾಜರಿಯನ್ನೂ ಓದನ್ನೂ ಹೇಗೆ ನಡಿಸಬಹುದು?
೪. ನಿಮ್ಮ ಊರಿನಲ್ಲಿ ಯಾವ ಕೆಲಸದವರ ದನಿಗೆ ಹೆಚ್ಚು ಅಪಾಯವುಂಟು? ಅವರು ಏನು ಮಾಡಬಹುದು?
೫. ಗೊಗ್ಗರು ದನಿ ಎಷ್ಟು ವಾರ ನಿಂತರೆ ವೈದ್ಯರ ಬಳಿಗೆ ಹೋಗಬೇಕು? ಯಾಕೆ?